ಹಳೇ ಗಾಡಿ ಮೀಟರ್‌ಗೆ ಹೊಸ ಡಯಲ್, ಅದೂ ಕನ್ನಡ ಅಂಕಿಯಲ್ಲಿ: ಮನೇಲೇ ಮಾಡ್ಕೊಳೋದು ಹೇಗೆ

ಹಳೇ ಗಾಡಿ ರೆಸ್ಟೋರ್ ಮಾಡ್ಸೋರು ಟ್ಯಾಂಕ್‌ಗೆ ಪೇಂಟ್ ಹೊಡಿಸ್ತಾರೆ, ಕ್ರೋಮ್ ಮಾಡಿಸ್ತಾರೆ, ಸೀಟ್ ಹೊಲಿಸ್ತಾರೆ, ಕೊನೆಗೆ ಮೀಟರ್ ಮಾತ್ರ ಹಾಗೇ ಬಿಟ್ಬಿಡ್ತಾರೆ. ಗಾಡಿ ಮೇಲೆ ಕೂತಾಗ ಕಣ್ಣೆದುರಿಗೆ ಇರೋದೇ ಅದು. ಬಿಸಿಲಿಗೆ ಕಪ್ಪು ಬೂದಿ ಬಣ್ಣ ಆಗಿರತ್ತೆ, ಬಿಳಿ ಅಂಕಿ ಹಳದಿ ಆಗಿರತ್ತೆ, ಒಳಗೆ ನೀರು ಹೋಗಿದ್ರೆ ಡಯಲ್, ಅಂದ್ರೆ ಅಂಕಿ ಬರೆದಿರೋ ತಗಡು, ಅದರ ಅಂಚಲ್ಲಿ ತುಕ್ಕು ಬೇರೆ. ಜಾವಾ, ಯೆಜ್ಡಿ ಇಟ್ಕೊಂಡಿರೋರಿಗೆ ಇದು ಚೆನ್ನಾಗಿ ಗೊತ್ತು. ಅವನ್ನ ಮಾಡ್ತಿದ್ದ ಮೈಸೂರಿನ ಯಾದವಗಿರಿ ಫ್ಯಾಕ್ಟರಿ 1961ರಲ್ಲಿ ಗಾಡಿ ಮಾಡೋಕೆ ಶುರು ಮಾಡಿ 1996ರಲ್ಲಿ ಬಾಗಿಲು ಹಾಕ್ತು, ಅಂದ್ಮೇಲೆ ಕಂಪನಿ ಡಯಲ್ ಹೊಸದಾಗಿ ಸಿಗೋ ಮಾತೇ ಇಲ್ಲ, ಎಲ್ಲೋ ಹಳೇ ಸ್ಟಾಕ್ ಇದ್ರೆ ಅದೃಷ್ಟ. ಬೆಂಗಳೂರಿನ ಜೆ.ಸಿ. ರೋಡಲ್ಲಿ ಹುಡುಕಿ ತಂದ ಡೂಪ್ಲಿಕೇಟ್‌ನ ಪಕ್ಕದಲ್ಲಿಟ್ಟು ನೋಡಿದ್ರೆ ಅಂಕಿ ದಪ್ಪ, ಅಕ್ಷರದ ಬಣ್ಣ ಯಾವುದೂ ಕೂರಲ್ಲ.

ಅದಕ್ಕೇ ನಾವೇ ಮಾಡ್ಕೊಳೋದು ಒಳ್ಳೇದು ಅಂತೀನಿ, ಮಾಡೋದೇ ಆದ್ರೆ ಮೈಸೂರಲ್ಲಿ ಹುಟ್ಟಿದ ಗಾಡಿಗೆ ೨೦, ೪೦, ೬೦ ಅಂತ ಕನ್ನಡ ಅಂಕಿ ಹಾಕಿ ಅಂತಾನೂ ಅಂತೀನಿ. ಮಾರುತಿ 800, ಓಮ್ನಿ, ಜಿಪ್ಸಿ, ಬುಲೆಟ್, ಆರ್‌ಎಕ್ಸ್ 100, ಯಾವ ಮುಳ್ಳಿನ ಮೀಟರ್‌ಗಾದ್ರೂ ಕೆಲಸ ಇದೇ. ಆದ್ರೆ ಒಂದು ವಿಷಯ ಮೊದ್ಲೇ ತಲೇಲಿ ಇಟ್ಕೊಳಿ: ಡಯಲ್ ಅನ್ನೋದು ಸ್ಟಿಕರ್ ಅಲ್ಲ, ಅಳತೆ. ಬಣ್ಣ, ಫಾಂಟ್, ಲೋಗೋ, ಗೆರೆ ದಪ್ಪ ಎಲ್ಲ ನಿಮ್ಮಿಷ್ಟ, ಆದ್ರೆ 60ರ ಗೆರೆ ಎಲ್ಲಿ ಬರಬೇಕು ಅನ್ನೋದನ್ನ ಒಳಗಿನ ಮೆಷಿನ್ ಹೇಳತ್ತೆ, ನಾವಲ್ಲ.

ಅದು ಯಾಕೆ ಅಂತ ಗೊತ್ತಾಗಬೇಕಂದ್ರೆ ಕೇಬಲ್ ಮೀಟರ್ ಒಳಗೆ ಏನು ನಡೆಯತ್ತೆ ಅಂತ ಸ್ವಲ್ಪ ತಿಳ್ಕೊಂಡಿರಬೇಕು. ಚಕ್ರದಿಂದಲೋ ಗೇರ್‌ಬಾಕ್ಸ್‌ನಿಂದಲೋ ಬರೋ ಕೇಬಲ್ ಒಂದು ಮ್ಯಾಗ್ನೆಟ್ ತಿರುಗಿಸತ್ತೆ, ಅದರ ಸುತ್ತ ಅಲ್ಯೂಮಿನಿಯಂದು ಒಂದು ಸಣ್ಣ ಬಟ್ಟಲು ಇರತ್ತೆ, ಎರಡಕ್ಕೂ ಟಚ್ ಇರಲ್ಲ, ಆದ್ರೂ ಮ್ಯಾಗ್ನೆಟ್ ತಿರುಗಿದ ಹಾಗೆ ಆ ಬಟ್ಟಲಲ್ಲಿ ಕರೆಂಟ್ ಹುಟ್ಟಿ ಅದನ್ನೂ ಜೊತೆಗೆ ಎಳೆಯತ್ತೆ. ಬಟ್ಟಲನ್ನ ಕೂದಲೆಳೆ ತರದ ಒಂದು ಸ್ಪ್ರಿಂಗ್ ಹಿಡ್ಕೊಂಡಿರತ್ತೆ. ಸ್ಪೀಡ್ ಜಾಸ್ತಿ ಆದಷ್ಟೂ ಎಳೆತ ಜಾಸ್ತಿ, ಸ್ಪ್ರಿಂಗ್ ಅಷ್ಟು ಸುತ್ತತ್ತೆ, ಬಟ್ಟಲಿನ ಕಡ್ಡಿ ತುದೀಲಿ ಇರೋ ಮುಳ್ಳು ಅಷ್ಟು ಮೇಲೆ ಹೋಗತ್ತೆ. ಇಷ್ಟೇ. 120ರ ಡಯಲ್ ತೆಗೆದು 200 ಅಂತ ಬರೆದ ಡಯಲ್ ಹಾಕಿದ್ರೆ ಸ್ಪ್ರಿಂಗ್‌ಗೆ ಅದು ಗೊತ್ತಾಗಲ್ಲ, ಮುಳ್ಳು ಮೊದ್ಲು ಎಷ್ಟು ತಿರುಗ್ತಿತ್ತೋ ಅಷ್ಟೇ ತಿರುಗತ್ತೆ, ನೀವು 60ರಲ್ಲಿ ಹೋಗ್ತಿದ್ರೆ ಮೀಟರ್ 100 ತೋರಿಸತ್ತೆ. ಇದರ ಉಲ್ಟಾ ಆದ್ರೆ ಇನ್ನೂ ಅಪಾಯ.

ಬಿಚ್ಚೋಕೆ ಮುಂಚೆ

ಬ್ಯಾಟರಿ ನೆಗೆಟಿವ್ ತೆಗೆದಿಡಿ. ಕೇಬಲ್ ನಟ್ ಕೈಯಲ್ಲೇ ಬಿಚ್ಚತ್ತೆ, ಬಿಗಿ ಇದ್ರೆ ಪ್ಲಯರ್‌ನಲ್ಲಿ ಬಟ್ಟೆ ಸುತ್ತಿ ಹಿಡೀರಿ. ಬಲ್ಬ್ ಹೋಲ್ಡರ್‌ಗಳನ್ನ ಹಿಂದಿನಿಂದ ಎಳೆದ್ರೆ ಬರತ್ತೆ, ಯಾವ ವೈರ್ ಎಲ್ಲಿಂದ ಬಂತು ಅಂತ ಎಳೆಯೋಕೆ ಮುಂಚೆ ಫೋಟೋ ತೆಕ್ಕೊಳಿ. ಕಾರ್ ಕ್ಲಸ್ಟರ್ (ಎಲ್ಲ ಮೀಟರ್ ಒಟ್ಟಿಗೆ ಇರೋ ಡಬ್ಬಿ) ಆದ್ರೆ ಸ್ಕ್ರೂ ಬಿಚ್ಚಿ ಮುಂದಿನ ಪ್ಲಾಸ್ಟಿಕ್ ಕವರ್ ಲಾಕ್‌ಗಳನ್ನ ಒತ್ತಿದ್ರೆ ಆಯ್ತು, ಸುಲಭ. ಬೈಕ್ ಮೀಟರ್‌ಗೆ ಸುತ್ತ ಕ್ರೋಮ್ ರಿಂಗ್ ಮಡಚಿ ಕೂರಿಸಿರ್ತಾರೆ, ಅದನ್ನ ಸಣ್ಣ ಫ್ಲಾಟ್ ಸ್ಕ್ರೂಡ್ರೈವರ್‌ನಲ್ಲಿ ಹಿಂಬದಿಯಿಂದ ಒಂದೊಂದೇ ಮಿಲಿಮೀಟರ್ ಎಬ್ಬಿಸ್ತಾ ಪೂರ್ತಿ ಸುತ್ತು ಬರಬೇಕು, ಒಂದೇ ಕಡೆ ಜೋರಾಗಿ ಎಬ್ಬಿಸಿದ್ರೆ ಕ್ರೋಮ್ ಸೀಳತ್ತೆ, ಸೀಳಿದ ರಿಂಗ್ ಮತ್ತೆ ಮಡಚಕ್ಕಾಗಲ್ಲ. ಅವಸರ ಮಾಡ್ಬೇಡಿ. ಪೂರ್ತಿ ಬಿಚ್ಚೋದೂ ಬೇಡ, ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ ಎದ್ದರೆ ಗ್ಲಾಸ್ ಸಮೇತ ಜಾರಿ ಬರತ್ತೆ. ಒಳಗಿನ ರಬ್ಬರ್ ಗ್ಯಾಸ್ಕೆಟ್ ಗಟ್ಟಿ ಆಗಿರತ್ತೆ, ಅದನ್ನ ಹೊಸದು ಹಾಕೋದೇ ಅಂತ ಅಂದ್ಕೊಂಡೇ ಶುರು ಮಾಡಿ.

ಇಲ್ಲೇ ಒಂದು ಎಚ್ಚರಿಕೆ, ಇದನ್ನ ದಯವಿಟ್ಟು ಸೀರಿಯಸ್ಸಾಗಿ ತಗೊಳಿ. ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಜೀಪು, ಅಂದ್ರೆ ವಿಲ್ಲಿಸ್ ಅಥವಾ ಫೋರ್ಡ್‌ನ ಯುದ್ಧಕಾಲದ ಗಾಡಿ, ನಿಮ್ಮ ಹತ್ರ ಇದ್ರೆ ಅದರ ಮೀಟರ್ ಬಿಚ್ಚಬೇಡಿ. ರಾತ್ರಿ ಹೊಳೆಯೋಕೆ ಅಂತ ಆ ಕಾಲದಲ್ಲಿ ಅಂಕಿ, ಮುಳ್ಳಿಗೆ ನಿಜವಾದ ರೇಡಿಯಂ ಇರೋ ಪೇಂಟ್ ಹಚ್ಚೋರು. ಇವತ್ತು ಹೊಳೆಯೋದು ನಿಂತಿದ್ರೂ ವಿಕಿರಣ ನಿಂತಿರಲ್ಲ, ರೇಡಿಯಂ ಅರ್ಧ ಆಗೋಕೇ 1600 ವರ್ಷ ಬೇಕು, ಹೊಳೆಯೋದು ನಿಂತಿದ್ದು ಜೊತೆಗೆ ಬೆರೆಸಿದ ಪುಡಿ ಕೆಟ್ಟಿದ್ದಕ್ಕೆ ಅಷ್ಟೇ. ಆ ಪೇಂಟ್ ಕೆರೆದು ಪುಡಿ ಉಸಿರಲ್ಲಿ ಹೋದ್ರೆ ಮೂಳೆಯಲ್ಲಿ ಹೋಗಿ ಕೂರತ್ತೆ. ಅಂಥದ್ದು ಮುಚ್ಚಿದ ಹಾಗೇ ಇರ್ಲಿ. ನಮ್ಮ ಕಡೆ ಅಂಗಡೀಲಿ ಕಟ್ ಮಾಡಿಕೊಡೋ ರೇಡಿಯಂ ಸ್ಟಿಕರ್‌ಗೂ ಇದಕ್ಕೂ ಸಂಬಂಧ ಇಲ್ಲ, ಅದು ಬರೀ ಬೆಳಕು ವಾಪಸ್ ಕಳಿಸೋ ಶೀಟು.

ಮುಳ್ಳು ತೆಗೆಯೋದು

ಇಡೀ ಕೆಲಸದಲ್ಲಿ ಕೈ ನಡುಗೋ ಜಾಗ ಇದೇ. ಮುಳ್ಳು ಒಂದು ಮಿಲಿಮೀಟರ್ ಆಸುಪಾಸಿನ ಕಡ್ಡಿಗೆ ಬರೀ ಒತ್ತಿ ಕೂರಿಸಿರೋದು, ಸ್ಕ್ರೂ ಏನೂ ಇರಲ್ಲ. ಮುಳ್ಳು ಸೊನ್ನೆ ಹತ್ರ ಒಂದು ಸಣ್ಣ ಪಿನ್‌ಗೆ ಒರಗಿ ನಿಂತಿರತ್ತೆ ನೋಡಿ, ಅದು ಅದರ ನಿಜವಾದ ಜಾಗ ಅಲ್ಲ. ಸ್ಪ್ರಿಂಗ್ ಅದನ್ನ ಇನ್ನೂ ಕೆಳಗೆ ಎಳೀತಾ ಇರತ್ತೆ, ಪಿನ್ ತಡೆದಿರತ್ತೆ. ಮುಳ್ಳಿನ ತುದೀನ ಮೆತ್ತಗೆ ಎತ್ತಿ ಪಿನ್ ದಾಟಿಸಿ ಬಿಡಿ, ಅದು ಸೊನ್ನೆಗಿಂತ ಸ್ವಲ್ಪ ಕೆಳಗೆ ಹೋಗಿ ತಾನಾಗೇ ನಿಲ್ಲತ್ತೆ. ಆ ಜಾಗವೇ ನಿಮ್ಮ ಚಿನ್ನ. ಡಯಲ್ ಅಂಚಲ್ಲಿ, ಮೀಟರ್ ಬಾಡಿ ಮೇಲೆ ಬರೋ ಹಾಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಸಣ್ಣ ಪೆನ್ನಲ್ಲಿ ಗೆರೆ ಹಾಕಿ, ನೇರ ಮೇಲಿಂದ ಒಂದು ಫೋಟೋ ತೆಗೀರಿ. ವಾಪಸ್ ಹಾಕುವಾಗ ಈ ಗೆರೆ ಇಲ್ಲ ಅಂದ್ರೆ ಮೀಟರ್ ಎಷ್ಟು ತಪ್ಪು ತೋರಿಸತ್ತೆ ಅಂತ ಯಾರಿಗೂ ಹೇಳಕ್ಕಾಗಲ್ಲ. ಪೆಟ್ರೋಲ್ ಮೀಟರ್, ಟೆಂಪರೇಚರ್ ಮೀಟರ್‌ಗಳಿಗೆ ಇಗ್ನಿಷನ್ ಆಫ್ ಇದ್ದಾಗ ಎಲ್ಲಿದೆ, ಆನ್ ಮಾಡಿದಾಗ ಎಲ್ಲಿದೆ ಎರಡೂ ಫೋಟೋ ಬೇಕು, ಅದನ್ನ ಬ್ಯಾಟರಿ ತೆಗೆಯೋಕೆ ಮುಂಚೆನೇ ಮಾಡ್ಕೊಳಿ.

ಆಮೇಲೆ ಡಯಲ್ ಮೇಲೆ ಗೀರು ಬೀಳದ ಹಾಗೆ ದಪ್ಪ ಪೇಪರ್ ಇಟ್ಟು, ಎರಡು ಸಣ್ಣ ಚಮಚಗಳನ್ನ ಮುಳ್ಳಿನ ಬುಡದ ಎರಡೂ ಕಡೆ ಸೇರಿಸಿ ಒಂದೇ ಸಮ ಮೇಲಕ್ಕೆ ಎತ್ತಿ. ನೆಟ್ಟಗೆ ಮೇಲಕ್ಕೆ, ಓರೆ ಬೇಡ. ತಿರುಗಿಸಿ ತೆಗೆಯೋರೂ ಇದಾರೆ, ನನಗೆ ಅದು ಇಷ್ಟ ಇಲ್ಲ, ತಿರುಗಿಸಿದ ಬಲ ಎಲ್ಲ ಆ ಕೂದಲೆಳೆ ಸ್ಪ್ರಿಂಗ್ ಮೇಲೆ ಬೀಳತ್ತೆ, ಅದು ಬಾಗಿದ್ರೆ ಮೀಟರ್ ರಿಪೇರಿಯವರ ಹತ್ರ ಹೋಗ್ಬೇಕು. ಬರ್ತಿಲ್ಲ ಅಂದ್ರೆ ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬಿಸಿ ಮಾಡಿ ಮತ್ತೆ ಟ್ರೈ ಮಾಡಿ. ಆಗ್ಲೂ ಬರ್ತಿಲ್ಲ ಅಂದ್ರೆ ಬಿಟ್ಬಿಡಿ, ಅದಕ್ಕೂ ದಾರಿ ಇದೆ: ಹೊಸ ಡಯಲ್‌ನ ತೆಳು ಸ್ಟಿಕರ್ ಆಗಿ ಮಾಡಿ, ನಡುವಿನ ತೂತಿನಿಂದ ಕೆಳ ಅಂಚಿನ ತನಕ ನೇರ ಒಂದು ಸೀಳು ಹಾಕಿ ಮುಳ್ಳಿನ ಕೆಳಗೆ ತೂರಿಸಿ ಅಂಟಿಸೋದು. ಸೀಳು ಅಂಕಿ ಇಲ್ಲದ ಕಡೆ ಬಂದ್ರೆ ಹತ್ರ ಹೋಗಿ ನೋಡಿದವರಿಗೆ ಮಾತ್ರ ಕಾಣತ್ತೆ.

ಈಗಿನ ಕಾರುಗಳಲ್ಲಿ ಕೇಬಲ್ ಇಲ್ಲ, ಡಯಲ್ ಹಿಂಬದೀಲಿ ಮುಳ್ಳನ್ನ ತಿರುಗಿಸೋ ಸಣ್ಣ ಸ್ಟೆಪರ್ ಮೋಟಾರ್ ಇರತ್ತೆ. ಅಲ್ಲೂ ಮುಳ್ಳು ಒತ್ತಿ ಕೂರಿಸಿರೋದೇ, ಗುರುತು ಹಾಕೋದೂ ಅದೇ ತರ, ವಾಪಸ್ ಹಾಕಿದ್ಮೇಲೆ ಕೀ ಆನ್ ಮಾಡಿ ಮುಳ್ಳು ಅದೇ ಗುರುತಿಗೆ ಬಂತಾ ನೋಡ್ಬೇಕು. ವಾರಂಟಿ ಇರೋ ಗಾಡಿಗೆ ಮಾತ್ರ ಕೈ ಹಾಕ್ಬೇಡಿ.

ಸ್ಕ್ಯಾನ್

ಮುಳ್ಳು ಬಂದ್ಮೇಲೆ ಡಯಲ್‌ನ ಎರಡು ಸಣ್ಣ ಸ್ಕ್ರೂ ಬಿಚ್ಚಿ ತಗಡು ಈಚೆ ತೆಗೀರಿ. ಫೋನ್ ಫೋಟೋ ಇಟ್ಕೊಂಡು ಡ್ರಾಯಿಂಗ್ ಮಾಡೋಕೆ ಹೋಗ್ಬೇಡಿ, ಲೆನ್ಸ್ ಅಂಚುಗಳನ್ನ ಬಗ್ಗಿಸತ್ತೆ. ಫ್ಲಾಟ್‌ಬೆಡ್ ಸ್ಕ್ಯಾನರ್ ಬೇಕು, ಮನೇಲಿ ಇಲ್ಲ ಅಂದ್ರೆ ಜೆರಾಕ್ಸ್ ಅಂಗಡೀಲಿ ಇದ್ದೇ ಇರತ್ತೆ. 600 ಡಿಪಿಐ ಅಂತ ಹೇಳಿ, ಡಯಲ್ ಪಕ್ಕದಲ್ಲಿ ಒಂದು ಸ್ಟೀಲ್ ಸ್ಕೇಲ್ ಇಟ್ಟೇ ಸ್ಕ್ಯಾನ್ ಮಾಡಿಸಿ. ಫೈಲ್ ಪೆನ್‌ಡ್ರೈವ್‌ಗೆ ಹಾಕಿಸ್ಕೊಳಿ, ವಾಟ್ಸಾಪ್‌ನಲ್ಲೇ ಕಳಿಸ್ತೀವಿ ಅಂದ್ರೆ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ, ಫೋಟೋ ಆಗಿ ಕಳಿಸಿದ್ರೆ ಸೈಜೂ ಹೋಗತ್ತೆ ಕ್ಲಾರಿಟಿನೂ ಹೋಗತ್ತೆ. 600 ಡಿಪಿಐ ಅಂದ್ರೆ 25.4 ಮಿಲಿಮೀಟರ್‌ಗೆ 600 ಚುಕ್ಕಿ, 80 ಮಿಲಿಮೀಟರ್ ಡಯಲ್ ಹತ್ತಿರ ಹತ್ತಿರ 1890 ಚುಕ್ಕಿ ಬರಬೇಕು. ಬಂದಿಲ್ಲ ಅಂದ್ರೆ ಎಲ್ಲೋ ಸೈಜ್ ಬದಲಾಗಿದೆ.

ಸ್ಕ್ಯಾನ್ ಮಾಡ್ಸಿದ್ಮೇಲೆ ಹಳೇ ಡಯಲ್ ಒಂದು ಕವರ್‌ಗೆ ಹಾಕಿ ಎತ್ತಿಡಿ. ಅದರ ಮೇಲೇ ಹೊಸ ಸ್ಟಿಕರ್ ಅಂಟಿಸ್ಬೇಡಿ, ಎಷ್ಟೇ ಮಾಸಿದ್ರೂ ಅದು ಆ ಗಾಡಿಯ ಒರಿಜಿನಲ್ಲು, ಮುಂದೆ ಯಾರಾದ್ರೂ ಹಳೇ ತರಾನೇ ಬೇಕು ಅಂದ್ರೆ ಅದೊಂದೇ ಮಾದರಿ. ಹೊಸದಕ್ಕೆ ಅರ್ಧ ಮಿಲಿಮೀಟರ್ ಅಲ್ಯೂಮಿನಿಯಂ ಶೀಟ್ ತಗೊಂಡು, ಹಳೇದನ್ನ ಮೇಲಿಟ್ಟು ಗೆರೆ ಎಳೆದು ತಗಡು ಕತ್ತರಿಯಲ್ಲಿ ಕತ್ತರಿಸಿ, ಅಂಚನ್ನ ಅರದಿಂದ ನುಣುಪು ಮಾಡಿ. ಮೂಲ ಎಷ್ಟು ದಪ್ಪ ಇತ್ತೋ ಹೊಸದೂ ಸ್ಟಿಕರ್ ಸೇರಿ ಹೆಚ್ಚುಕಮ್ಮಿ ಅಷ್ಟೇ ಇರ್ಲಿ, ದಪ್ಪ ಆದ್ರೆ ಮುಳ್ಳು ಡಯಲ್‌ಗೆ ಉಜ್ಜತ್ತೆ.

ಡ್ರಾಯಿಂಗ್

ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್ ಫ್ರೀಯಾಗಿ ಸಿಗತ್ತೆ, ಕನ್ನಡ ಯುನಿಕೋಡ್ ಸರಿಯಾಗಿ ತೋರಿಸತ್ತೆ, ಸಾಕು. ಡಾಕ್ಯುಮೆಂಟ್ ಅಳತೆ ಮಿಲಿಮೀಟರ್‌ಗೆ ಬದಲಾಯಿಸಿ, ಸ್ಕ್ಯಾನ್ ತಂದು ಹಾಕಿ, ಅದರಲ್ಲಿರೋ ಸ್ಟೀಲ್ ಸ್ಕೇಲಿನ 50 ಮಿಲಿಮೀಟರ್ ಸ್ಕ್ರೀನ್‌ನಲ್ಲೂ 50 ಇದೆಯಾ ಚೆಕ್ ಮಾಡಿ, ಆ ಲೇಯರ್ ಲಾಕ್ ಮಾಡ್ಬಿಡಿ. ಈಗ ಸೆಂಟರ್. ಡಯಲ್ ಸುತ್ತಳತೆಯ ಸೆಂಟರ್ ಅಲ್ಲ, ಮುಳ್ಳಿನ ಕಡ್ಡಿ ಬರೋ ತೂತಿನ ಸೆಂಟರ್, ಕೆಲವು ಮೀಟರ್‌ಗಳಲ್ಲಿ ಎರಡೂ ಬೇರೆ ಬೇರೆ ಇರತ್ತೆ. ಅಲ್ಲಿ ಎರಡು ಗೈಡ್ ಲೈನ್ ಅಡ್ಡ ಉದ್ದ ಎಳೀರಿ.

ಗೆರೆಗಳ ಲೆಕ್ಕ ಸುಲಭ. ಸೊನ್ನೆ ಗೆರೆಯಿಂದ ಕೊನೇ ಗೆರೆಗೆ ಎಷ್ಟು ಡಿಗ್ರಿ ಅಂತ ಅಳೀರಿ. ಉದಾಹರಣೆಗೆ 0ಯಿಂದ 120ಕ್ಕೆ 240 ಡಿಗ್ರಿ ಬಂತು ಅಂದ್ಕೊಳಿ, ಒಂದು ಕಿಲೋಮೀಟರ್‌ಗೆ 2 ಡಿಗ್ರಿ, 10ಕ್ಕೆ 20 ಡಿಗ್ರಿ, ನಡುವಿನ 5ರ ಸಣ್ಣ ಗೆರೆಗೆ 10 ಡಿಗ್ರಿ. ಒಂದು ಗೆರೆ ಬರೆದು, ಅದರ ತಿರುಗೋ ಸೆಂಟರ್‌ನ ಆ ತೂತಿನ ಮಧ್ಯಕ್ಕೆ ಎಳೆದಿಟ್ಟು, ಡೂಪ್ಲಿಕೇಟ್ ಮಾಡಿ 20 ಡಿಗ್ರಿ ತಿರುಗಿಸ್ತಾ ಹೋಗಿ. ಮುಗಿದ್ಮೇಲೆ ಕೆಳಗಿನ ಸ್ಕ್ಯಾನ್ ಜೊತೆ ಒಂದೊಂದೂ ಕೂರತ್ತಾ ನೋಡಿ. ಸ್ಪೀಡೋಮೀಟರ್‌ನಲ್ಲಿ ಸಾಮಾನ್ಯವಾಗಿ ಕೂರತ್ತೆ. ಕೂರ್ತಿಲ್ಲ ಅಂದ್ರೆ ನಿಮ್ಮ ಲೆಕ್ಕ ಬಿಟ್ಟು ಸ್ಕ್ಯಾನ್ ಮೇಲೇ ಗೆರೆ ಎಳೀರಿ, ಮೀಟರ್ ಮಾಡಿದವರು ಟೆಸ್ಟ್ ಮಾಡೇ ಹಾಕಿರೋದು ಅದು. ಪೆಟ್ರೋಲ್, ಟೆಂಪರೇಚರ್ ಮೀಟರ್‌ಗೆ ಲೆಕ್ಕ ಹಾಕೋಕೇ ಹೋಗ್ಬೇಡಿ, ಅವು ಸಮ ಸಮ ಇರಲ್ಲ, ಹಳೇದರ ಮೇಲೆ ಟ್ರೇಸ್ ಮಾಡೋದೊಂದೇ ದಾರಿ.

ಇಂಪೋರ್ಟ್ ಆಗಿ ಬಂದ ಹಳೇ ಗಾಡೀಲಿ ಮೈಲಿ ಡಯಲ್ ಇದ್ರೆ ಅದನ್ನ ಕಿಲೋಮೀಟರ್‌ಗೆ ಬದಲಾಯಿಸೋಕೂ ಇದೇ ಲೆಕ್ಕ: ಒಂದು ಮೈಲಿಗೆ 1.609 ಕಿಲೋಮೀಟರ್, ಹಾಗಾಗಿ 100 ಕಿಲೋಮೀಟರ್ ಗೆರೆ ಹಳೇ ಡಯಲ್‌ನಲ್ಲಿ 62.1 ಮೈಲಿ ಬರೋ ಕಡೆ ಬೀಳಬೇಕು, 50ರದ್ದು 31.1ರ ಕಡೆ. ಒಳಗಿನ ಓಡೋಮೀಟರ್, ಅಂದ್ರೆ ಗಾಡಿ ಒಟ್ಟು ಎಷ್ಟು ದೂರ ಓಡಿದೆ ಅಂತ ತೋರಿಸೋ ಅಂಕಿ ಚಕ್ರಗಳು, ಮಾತ್ರ ಮೈಲಿಯನ್ನೇ ಎಣಿಸ್ತಾ ಇರತ್ತೆ, ಅದರ ಪಕ್ಕ ಮೈಲಿ ಅಂತಾನೇ ಬರೀರಿ. ಓಡೋಮೀಟರ್ ಚಕ್ರಗಳಂತೂ ಬಿಚ್ಚಿದ್ದೀವಿ ಅಂತ ತಿರುಗಿಸೋಕೆ ಹೋಗ್ಲೇಬೇಡಿ, ನಾಳೆ ಆ ಗಾಡಿ ತಗೊಳೋರಿಗೆ ಅದು ನೇರ ಮೋಸ.

ಹಳೇ ಡಯಲ್‌ನ ಕೆಳಗೆ ಎಲ್ಲೋ ಸಣ್ಣದಾಗಿ ಒಂದು ನಂಬರ್ ಇರತ್ತೆ, ಎಷ್ಟೋ ಮೀಟರ್‌ಗಳಲ್ಲಿ ಅದು ಒಂದು ಕಿಲೋಮೀಟರ್‌ಗೆ ಕೇಬಲ್ ಎಷ್ಟು ಸುತ್ತು ಅನ್ನೋದು. ಹೊಸ ಡಯಲ್‌ನಲ್ಲಿ ಅದನ್ನ ಬಿಡಬೇಡಿ. ಟೆಸ್ಟ್ ಮಾಡುವಾಗ ಬೇಕಾಗತ್ತೆ, ಮುಂದೆ ರಿಪೇರಿ ಮಾಡೋರಿಗೂ ಬೇಕಾಗತ್ತೆ.

ಈಗ ಕನ್ನಡ ಅಂಕಿ. ಇದನ್ನ ಮಾಡೋರು ಕಮ್ಮಿ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ. ನಮ್ಮ ಅಂಕಿಗಳು ದುಂಡಗೆ, ಅಗಲ. ಮೂರು ಮಿಲಿಮೀಟರ್ ಎತ್ತರದಲ್ಲಿ ಪ್ರಿಂಟ್ ಹಾಕಿಸಿ ಕೈ ಚಾಚಿ ಹಿಡಿದು ನೋಡಿ, ೬ ಯಾವುದು ೯ ಯಾವುದು ಅಂತ ಒಂದು ಕ್ಷಣ ಯೋಚನೆ ಮಾಡ್ಬೇಕಾಗತ್ತೆ, ೩ನೂ ಅದರ ಜೊತೆಗೇ ಸೇರ್ಕೊಳತ್ತೆ. ಓಡ್ತಾ ಇರೋ ಗಾಡೀಲಿ ಆ ಒಂದು ಕ್ಷಣ ಇಲ್ಲ. ಆದ್ರೆ 20ರ ಅಂತರದಲ್ಲಿ ಅಂಕಿ ಹಾಕಿದ್ರೆ ೦, ೨೦, ೪೦, ೬೦, ೮೦, ೧೦೦, ೧೨೦ ಅಷ್ಟೇ ಬರತ್ತೆ, ೩ ಮತ್ತೆ ೯ ಬರೋದೇ ಇಲ್ಲ, ತೊಂದರೆನೇ ಮುಗೀತು. ನಡುವಿನ 10ರ ಜಾಗಕ್ಕೆ ಅಂಕಿ ಬೇಡ, ಗೆರೆ ಸಾಕು. ೧೦೦, ೧೨೦ ಇವು ಅಗಲ ಜಾಸ್ತಿ ತಗೊಂಡು ಗೆರೆಗೆ ತಾಗತ್ತೆ, ಅದಕ್ಕೆ ಅನೇಕ್ ಕನ್ನಡ ಫಾಂಟ್ ಒಳ್ಳೇದು, ಅದರಲ್ಲಿ ಅಗಲಾನೂ ದಪ್ಪಾನೂ ಬೇಕಾದಷ್ಟು ಕಮ್ಮಿ ಜಾಸ್ತಿ ಮಾಡ್ಕೋಬಹುದು, ಮೂರಂಕಿ ಇರೋ ಕಡೆ ಸ್ವಲ್ಪ ಕಿರಿದು ಮಾಡಿದ್ರೆ ಆಯ್ತು. ದುಂಡಗೆ ಮುದ್ದಾಗಿ ಬೇಕು ಅಂದ್ರೆ ಬಾಲೂ ತಮ್ಮ ಇದೆ. ಎರಡೂ ಫ್ರೀ. ತೀರ ತೆಳು ಬೇಡ, ತೀರ ದಪ್ಪಾನೂ ಬೇಡ, ದಪ್ಪ ಮಾಡಿದ್ರೆ ಅಂಕಿ ಒಳಗಿನ ಖಾಲಿ ಜಾಗ ತುಂಬ್ಕೊಂಡು ಎಲ್ಲಾ ಒಂದೇ ತರ ಕಾಣತ್ತೆ. ಎತ್ತರ ಐದು ಮಿಲಿಮೀಟರ್ ಸಿಕ್ಕಿದ್ರೆ ಬಿಡ್ಬೇಡಿ. ಅಂಕಿಗಳು ನೆಟ್ಟಗೆ ನಿಂತಿರ್ಲಿ, ಡಯಲ್ ಸುತ್ತ ವಾಲಿಸೋದು ಬೇಡ.

ಅಕ್ಷರ ಹಾಕುವಾಗ ಒತ್ತಕ್ಷರ ಆದಷ್ಟೂ ತಪ್ಪಿಸಿ, ಎರಡು ಮಿಲಿಮೀಟರ್‌ನಲ್ಲಿ ಒತ್ತು ಕಪ್ಪು ಚುಕ್ಕಿ ಆಗ್ಬಿಡತ್ತೆ. ಸ್ಪೀಡಿಗೆ "ಕಿ.ಮೀ./ಗಂ." ಸಾಕು. ಪೆಟ್ರೋಲ್‌ಗೆ ಭರ್ತಿ ಅಂತ ಹಾಕೋ ಬದ್ಲು ಒಂದು ಕಡೆ "ಖಾಲಿ" ಇನ್ನೊಂದು ಕಡೆ "ಫುಲ್", ಟೆಂಪರೇಚರ್‌ಗೆ "ತಂಪು", "ಬಿಸಿ". ಹೈಬೀಮ್, ಇಂಡಿಕೇಟರ್, ಆಯಿಲ್, ಬ್ಯಾಟರಿ ಚಿತ್ರಗಳನ್ನ ಮಾತ್ರ ಹಾಗೇ ಬಿಡಿ, ಹೈಬೀಮ್ ನೀಲಿ, ಇಂಡಿಕೇಟರ್ ಹಸಿರು, ಬಣ್ಣಾನೂ ಬದಲಾಯಿಸ್ಬೇಡಿ, ಬೇರೆ ಯಾರಾದ್ರೂ ಗಾಡಿ ಓಡಿಸಿದ್ರೂ ನೋಡಿದ ತಕ್ಷಣ ಗೊತ್ತಾಗಬೇಕು.

ಎಲ್ಲ ಮುಗಿದ್ಮೇಲೆ ಅಕ್ಷರ ಅಂಕಿ ಸೆಲೆಕ್ಟ್ ಮಾಡಿ ಪಾಥ್‌ಗೆ ಬದಲಾಯಿಸಿ, ಅಂದ್ರೆ ಫಾಂಟ್ ಇಲ್ಲದಿದ್ರೂ ಕಾಣೋ ಬರೀ ಆಕಾರ ಮಾಡಿ. ಪ್ರಿಂಟಿಂಗ್ ಅಂಗಡೀಲಿ ಕೋರಲ್ ಡ್ರಾ ಸಾಫ್ಟ್‌ವೇರ್ ಇರತ್ತೆ, ಕನ್ನಡಕ್ಕೆ ನುಡಿ ಅಥವಾ ಬರಹ ಇಟ್ಕೊಂಡಿರ್ತಾರೆ, ನಿಮ್ಮ ಯುನಿಕೋಡ್ ಫಾಂಟ್ ಅವರ ಸಿಸ್ಟಮ್‌ನಲ್ಲಿ ಇರಲ್ಲ, ಹಾಗೇ ಕೊಟ್ರೆ ಕನ್ನಡ ಬದ್ಲು ಚೌಕಗಳು ಬರತ್ತೆ. ಅಂಗಡಿಯವರೇ "ಕರ್ವ್ ಮಾಡ್ಕೊಂಡು ಬನ್ನಿ ಸಾರ್" ಅಂತಾರಲ್ಲ, ಅದು ಇದೇ. ಪಿಡಿಎಫ್ ಮಾಡಿ, ಮೂಲೇಲಿ 50 ಮಿಲಿಮೀಟರ್ ಉದ್ದದ ಒಂದು ಗೆರೆ ಹಾಕಿ ಕೊಡಿ. ಮೊದ್ಲು ಮಾಮೂಲಿ ಪೇಪರ್‌ನಲ್ಲಿ ಆಕ್ಚುಯಲ್ ಸೈಜ್ ಇಟ್ಟು ಪ್ರಿಂಟ್ ತೆಗೆದು ಆ ಗೆರೆನ ಸ್ಕೇಲ್‌ನಲ್ಲಿ ಅಳೀರಿ, ಫಿಟ್ ಟು ಪೇಜ್ ಆನ್ ಇದ್ರೆ 48 ಬರತ್ತೆ. ಆ ಪೇಪರ್‌ನ ಕತ್ತರಿಸಿ ಹಳೇ ಡಯಲ್ ಮೇಲಿಟ್ಟು ಬೆಳಕಿಗೆ ಹಿಡಿದು ತೂತುಗಳು ಕೂರತ್ತಾ ನೋಡಿ. ಇದಾದ್ಮೇಲೇ ದುಡ್ಡು ಖರ್ಚು ಮಾಡಿ.

ಯಾವುದರ ಮೇಲೆ ಪ್ರಿಂಟ್

ಹಿಂದಿನಿಂದ ಬೆಳಕು ಬರದ ಡಯಲ್‌ಗೆ, ಅಂದ್ರೆ ಬಲ್ಬ್ ಪಕ್ಕದಿಂದ ಬೆಳಗೋ ಹಳೇ ಬೈಕ್ ಮೀಟರ್‌ಗೆ, ಸ್ಟಿಕರ್ ಪ್ರಿಂಟ್ ಮಾಡೋ ಎಕೋ ಸಾಲ್ವೆಂಟ್ ಮೆಷಿನ್‌ನಲ್ಲಿ ವಿನೈಲ್ ಮೇಲೆ ಪ್ರಿಂಟ್ ಹಾಕಿಸಿ ಮೇಲೆ ಮ್ಯಾಟ್ ಲ್ಯಾಮಿನೇಷನ್ ಮಾಡಿಸಿದ್ರೆ ಚೆನ್ನಾಗಿರತ್ತೆ. ಗ್ಲಾಸಿ ಬೇಡ, ಮಧ್ಯಾಹ್ನ ಬಿಸಿಲಲ್ಲಿ ಬರೀ ಹೊಳಪೇ ಕಾಣತ್ತೆ. ಮನೆ ಇಂಕ್‌ಜೆಟ್ ಪ್ರಿಂಟ್ ಟ್ರಯಲ್‌ಗೆ ಮಾತ್ರ, ಬಿಸಿಲಿಗೆ ಆ ಇಂಕ್ ಬೇಗ ಹಾರೋಗತ್ತೆ. ಮೊಬೈಲ್ ಕವರ್, ಮೊಮೆಂಟೋ ಪ್ರಿಂಟ್ ಮಾಡೋ ಕಡೆ ಯುವಿ ಪ್ರಿಂಟರ್ ಇರತ್ತೆ, ಅದು ಸೀದಾ ನಿಮ್ಮ ಅಲ್ಯೂಮಿನಿಯಂ ಶೀಟ್ ಮೇಲೇ ಪ್ರಿಂಟ್ ಹಾಕತ್ತೆ, ಬಿಳಿ ಇಂಕೂ ಇರತ್ತೆ, ನನ್ನ ಪ್ರಕಾರ ಒಂದೇ ಒಂದು ಡಯಲ್ ಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೇದಿಲ್ಲ. ಕ್ಲಬ್‌ನವರು ಹತ್ತು ಹದಿನೈದು ಜನ ಸೇರಿದ್ರೆ ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿ, ಮದುವೆ ಕಾರ್ಡ್ ಮಾಡೋರಲ್ಲೇ ಸ್ಕ್ರೀನ್ ಇರತ್ತೆ, ಫಿಲ್ಮ್ ಮತ್ತೆ ಫ್ರೇಮ್ ಖರ್ಚು ಒಂದೇ ಸಲ, ತಗಡಿಗೆ ಹಿಡಿಯೋ ಇಂಕ್ ಹಾಕಿ ಅಂತ ಹೇಳ್ಬೇಕು ಅಷ್ಟೇ. ಕಪ್ಪು ಮೇಲೆ ಅಷ್ಟು ಗಟ್ಟಿ ಬಿಳಿ ಬೇರೆ ಯಾವುದರಲ್ಲೂ ಬರಲ್ಲ.

ಕಾರ್ ಕ್ಲಸ್ಟರ್ ಕಥೆ ಬೇರೆ, ಅಲ್ಲಿ ಬೆಳಕು ಹಿಂದಿನಿಂದ ಬಂದು ಅಂಕಿ ಮೂಲಕ ಹಾದು ಹೋಗ್ಬೇಕು, ಮಿಕ್ಕಿದ್ದೆಲ್ಲ ಕಪ್ಪಾಗಿರ್ಬೇಕು. ಅರ್ಧ ಮಿಲಿಮೀಟರ್ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟ್ ತಗೊಂಡು ಹಿಂಬದಿಗೆ ಮಿರರ್ ಮಾಡಿ ಯುವಿ ಪ್ರಿಂಟ್ ಹಾಕಿಸಿ, ಮೊದ್ಲು ಕಪ್ಪು, ಅದರ ಮೇಲೆ ಇಡೀ ಡಯಲ್‌ಗೆ ಬಿಳಿ. ಬಿಳಿ ಪದರ ಬೆಳಕನ್ನ ಹರಡತ್ತೆ, ಅದಿಲ್ಲ ಅಂದ್ರೆ ಬಲ್ಬ್ ಇರೋ ಕಡೆ ಮಾತ್ರ ಪ್ರಖರ, ಮಿಕ್ಕ ಕಡೆ ಮಂಕು. ಕಪ್ಪು ಒಂದು ಪದರ ಸಾಲಲ್ಲ, ಎರಡು ಹಾಕಿಸಿ. ಪ್ರಿಂಟ್ ಕೈಗೆ ಬಂದ ತಕ್ಷಣ ಲೈಟ್ ಆಫ್ ಮಾಡಿ ಹಿಂದೆ ಮೊಬೈಲ್ ಟಾರ್ಚ್ ಹಿಡೀರಿ, ಸೂಜಿಮೊನೆ ತೂತು ಇದ್ರೂ ನಕ್ಷತ್ರದ ತರ ಕಾಣತ್ತೆ, ಅಂಥ ಕಡೆ ಹಿಂದಿನಿಂದ ಮ್ಯಾಟ್ ಬ್ಲ್ಯಾಕ್ ಪೇಂಟ್ ಒಂದು ಚುಕ್ಕಿ ಇಟ್ಟು ಮುಚ್ಚಿ.

ಬಲ್ಬ್ ತೆಗೆದು ಎಲ್ಇಡಿ ಹಾಕೋ ಆಸೆ ಇದ್ರೆ ವೋಲ್ಟೇಜ್ ನೋಡ್ಕೊಳಿ. ಹಳೇ ಜಾವಾ, ಯೆಜ್ಡಿಗಳು 6 ವೋಲ್ಟ್, ಅಂಗಡೀಲಿ ಸಾಮಾನ್ಯವಾಗಿ ಕೊಡೋದು 12 ವೋಲ್ಟ್ ಎಲ್ಇಡಿ, ಹತ್ತೋದೇ ಇಲ್ಲ. ಸರಿಯಾದ ವೋಲ್ಟೇಜಿಂದು ಹಾಕಿದ್ರೂ ಹತ್ತಿಲ್ಲ ಅಂದ್ರೆ ಉಲ್ಟಾ ತಿರುಗಿಸಿ ಹಾಕಿ ನೋಡೋದನ್ನೂ ಮರೀಬೇಡಿ, ಎಲ್ಇಡಿಗೆ ಪ್ಲಸ್ ಮೈನಸ್ ಇದೆ. ಬಣ್ಣ ಬೆಚ್ಚಗಿರೋ ಬಿಳಿ ಆಗ್ಲಿ, ನೀಲಿ ಬೆಳಕು ರಾತ್ರಿ ಕಣ್ಣಿಗೆ ಚುಚ್ಚತ್ತೆ.

ಅಂಟಿಸೋದು, ಕತ್ತರಿಸೋದು, ಮುಳ್ಳು ಹಾಕೋದು

ವಿನೈಲ್ ಆದ್ರೆ ಶೀಟ್‌ನ ಥಿನ್ನರ್‌ನಲ್ಲಿ ಒರೆಸಿ, ಒಂದು ಹನಿ ಶಾಂಪೂ ಹಾಕಿದ ನೀರು ಸ್ಪ್ರೇ ಮಾಡಿ, ಸ್ಟಿಕರ್ ಇಟ್ಟು ಜಾಗಕ್ಕೆ ಜರುಗಿಸಿ, ನಡುವಿನಿಂದ ಹೊರಕ್ಕೆ ಹಳೇ ಎಟಿಎಂ ಕಾರ್ಡ್‌ನಲ್ಲಿ ನೀರು ತಳ್ಳಿ. ಒಂದು ರಾತ್ರಿ ಒಣಗಲಿ. ಓಡೋಮೀಟರ್ ಕಿಟಕಿ ಕತ್ತರಿಸೋಕೆ ಮೆಡಿಕಲ್ ಶಾಪ್‌ನಲ್ಲಿ ಸಿಗೋ 11ನೇ ನಂಬರ್ ಸರ್ಜಿಕಲ್ ಬ್ಲೇಡ್ ಬೇಕು, ನಾಲ್ಕು ಮೂಲೆಯಲ್ಲಿ ಮೊದ್ಲು ಮೊನೆಯಿಂದ ಚುಚ್ಚಿ, ಆಮೇಲೆ ಮೂಲೆಯಿಂದ ಮಧ್ಯಕ್ಕೆ ಎಳೀರಿ, ಮೂಲೆ ಕಡೆಗೆ ಎಳೆದ್ರೆ ಬ್ಲೇಡ್ ದಾಟಿ ಹೋಗತ್ತೆ. ನಡುವಿನ ತೂತಿಗೆ ಚರ್ಮಕ್ಕೆ ಹೊಡೆಯೋ ಪಂಚ್ ಸರಿ. ತಗಡಿನ ತೂತನ್ನ ಅಂಟಿಸೋಕೆ ಮುಂಚೆನೇ ಡ್ರಿಲ್ ಮಾಡಿರ್ಬೇಕು.

ಮುಳ್ಳಿಗೆ ಬಣ್ಣ ಹಚ್ಚೋದಾದ್ರೆ ಒಂದೇ ಕೋಟು, ತೆಳ್ಳಗೆ. ಅದರ ಹಿಂಬಾಲದಲ್ಲಿ ತೂಕ ಸರಿದೂಗಿಸಿರ್ತಾರೆ, ಮುಂದೆ ಪೇಂಟ್ ದಪ್ಪ ಆದ್ರೆ ಮುಳ್ಳು ಜೋಲತ್ತೆ. ಒಣಗಿದ್ಮೇಲೆ ಡಯಲ್ ಸ್ಕ್ರೂ ಹಾಕಿ, ಮೀಟರ್‌ನ ಗಾಡೀಲಿ ಹೇಗಿರತ್ತೋ ಹಾಗೇ ಹಿಡಿದು, ಮಾಸ್ಕಿಂಗ್ ಟೇಪಿನ ಆ ಗೆರೆಗೆ ಮುಳ್ಳಿನ ತುದಿ ಸೇರಿಸಿ ಮೆತ್ತಗೆ ಒತ್ತಿ. ಡಯಲ್‌ಗೆ ತಾಗದ ಹಾಗೆ ಗ್ಯಾಪ್ ಇರ್ಲಿ. ಆಮೇಲೆ ತುದಿ ಎತ್ತಿ ಪಿನ್ ದಾಟಿಸಿ ಸೊನ್ನೆಗೆ ತನ್ನಿ. ಒಳಗೆ ಎಣ್ಣೆ ಗ್ರೀಸ್ ಏನೂ ಹಾಕ್ಬೇಡಿ, ಬಟ್ಟಲಿಗೆ ಎಣ್ಣೆ ಹೋದ್ರೆ ಮ್ಯಾಗ್ನೆಟ್ ಜೊತೆ ಅಂಟ್ಕೊಂಡು ಮುಳ್ಳು ಒಂದೇ ಸಲ ಕೊನೆಗೆ ಹಾರತ್ತೆ.

ರಿಂಗ್ ಮುಚ್ಚೋಕೆ ಮುಂಚೆ ಟೆಸ್ಟ್. ಗಂಟೆಗೆ 60 ಅಂದ್ರೆ ನಿಮಿಷಕ್ಕೆ ಒಂದು ಕಿಲೋಮೀಟರ್, ಹಾಗಾಗಿ ಡಯಲ್ ಮೇಲೆ ಒಂದು ಕಿಲೋಮೀಟರ್‌ಗೆ 1000 ಸುತ್ತು ಅಂತ ಇದ್ರೆ ಕೇಬಲ್ ನಿಮಿಷಕ್ಕೆ 1000 ಸುತ್ತಿದಾಗ ಮುಳ್ಳು 60ಕ್ಕೆ ಬರಬೇಕು, 1400 ಅಂತ ಇದ್ರೆ 1400ಕ್ಕೆ. ಹಳೇ ಕೇಬಲ್‌ನ ಒಳತಂತಿ ತುಂಡನ್ನ ಸ್ಪೀಡ್ ಕಂಟ್ರೋಲ್ ಇರೋ ಡ್ರಿಲ್‌ಗೆ ಸಿಗಿಸಿ ಮೀಟರ್‌ಗೆ ಕೊಡಿ, ತೀರಾ ನಿಧಾನ ಶುರು ಮಾಡಿ, ಮುಳ್ಳು ಪಿನ್ ಕಡೆಗೆ ಒತ್ತಿದ್ರೆ ತಕ್ಷಣ ನಿಲ್ಲಿಸಿ ರಿವರ್ಸ್ ಹಾಕಿ. ಸುತ್ತು ಅಳೆಯೋಕೆ ಡಿಜಿಟಲ್ ಟ್ಯಾಕೋಮೀಟರ್ ಆನ್‌ಲೈನ್‌ನಲ್ಲಿ ಸಿಗತ್ತೆ. ಹೆಚ್ಚುಕಮ್ಮಿ ಬಂದ್ರೆ ಮುಳ್ಳನ್ನ ಮತ್ತೆ ಎತ್ತಿ ಒಂದೆರಡು ಡಿಗ್ರಿ ಸರಿಸಿ ಕೂರಿಸಿ.

ರಸ್ತೆ ಟೆಸ್ಟ್‌ಗೆ ಹಿಂದೆ ಒಬ್ರು ಕೂತು ಫೋನ್ ಜಿಪಿಎಸ್ ನೋಡ್ಬೇಕು, ಓಡಿಸೋರು ರಸ್ತೆ ನೋಡ್ಬೇಕು. ಖಾಲಿ ನೇರ ರಸ್ತೇಲಿ 40, 60 ಒಂದೇ ಸಮ ಹಿಡಿದು ಹೋಗಿ, ಜಿಪಿಎಸ್ ತೋರಿಸೋಕೆ ಕೆಲವು ಸೆಕೆಂಡ್ ಹಿಂದೆ ಬೀಳತ್ತೆ. ಮೀಟರ್ ನಿಜವಾದ ಸ್ಪೀಡ್‌ಗಿಂತ ಸ್ವಲ್ಪ ಜಾಸ್ತಿ ತೋರಿಸಿದ್ರೆ ಪರವಾಗಿಲ್ಲ, ಕಮ್ಮಿ ತೋರಿಸಲೇಬಾರದು. ವಿಶ್ವಸಂಸ್ಥೆಯ 39ನೇ ವಾಹನ ನಿಯಮದಲ್ಲೂ ಇದೇ ಇರೋದು: ನಿಜ ಸ್ಪೀಡಿನ ಹತ್ತನೇ ಒಂದು ಭಾಗ, ಅದಕ್ಕೆ 4 ಸೇರಿಸಿ, ಅಷ್ಟರ ತನಕ ಜಾಸ್ತಿ ತೋರಿಸಬಹುದು, ಅಂದ್ರೆ ನಿಜವಾಗಿ 60 ಇದ್ದಾಗ 70ರ ತನಕ. ಹಳೇ ಗಾಡಿಗೆ ಅಷ್ಟು ಬಿಡೋದು ಬೇಡ, 60ಕ್ಕೆ ಎರಡು ಮೂರು ಹೆಚ್ಚು ಬಂದ್ರೆ ಒಳ್ಳೇ ಕೆಲಸ. ಟೈರ್ ಸೈಜ್ ಬದಲಾಗಿದ್ರೆ ಈ ಟೆಸ್ಟ್‌ನಲ್ಲೇ ಗೊತ್ತಾಗತ್ತೆ.

ಎಲ್ಲ ಸರಿ ಬಂದ್ಮೇಲೆ ಗ್ಲಾಸ್ ಒಳಗಡೆ ಒರೆಸಿ, ಹೊಸ ಗ್ಯಾಸ್ಕೆಟ್ ಹಾಕಿ, ರಿಂಗ್ ಮಡಚಿ, ವೀಲ್ ನಟ್ ಟೈಟ್ ಮಾಡೋ ಹಾಗೆ ಎದುರು ಬದುರು ಸ್ವಲ್ಪ ಸ್ವಲ್ಪ ಒತ್ತುತ್ತಾ ಬನ್ನಿ. ಮಳೇಲಿ ಓಡಿಸಿದ್ಮೇಲೆ ಒಳಗೆ ಮಂಜು ಕಟ್ಟಿದ್ರೆ ರಿಂಗ್ ಎಲ್ಲೋ ಸಡಿಲ ಇದೆ ಅಂತ ಅರ್ಥ, ಆ ಜಾಗ ಹುಡುಕಿ ಒತ್ತಿ, ಬಿಟ್ರೆ ಹೊಸ ಡಯಲ್‌ಗೂ ಅದೇ ಗತಿ. ಆರ್‌ಟಿಓಗೆ ರೀ ರಿಜಿಸ್ಟ್ರೇಷನ್‌ಗೆ ಹೋಗುವಾಗ ಎತ್ತಿಟ್ಟ ಹಳೇ ಡಯಲ್ ಬ್ಯಾಗಲ್ಲಿ ಇರ್ಲಿ, ಇನ್ಸ್‌ಪೆಕ್ಟರ್ ಏನಾದ್ರೂ ಕೇಳಿದ್ರೆ ಪಕ್ಕದಲ್ಲಿಟ್ಟು ಅದೇ ಅಳತೆ, ಅದೇ ಗೆರೆ ಅಂತ ತೋರಿಸಬಹುದು.